ಝರಿ ಯಾವುದು, ಜಲಪಾತ ಯಾವುದು?

ಪ್ರಶ್ನೆ: ಪಶ್ಚಿಮ ಘಟ್ಟದ ಪ್ರವಾಸ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ವಾಟರ್‌ಫಾಲ್’, ‘ಕ್ಯಾಸ್ಕೇಡ್’ ಎಂಬ ಎರಡೂ ಪದಗಳು ಬರುತ್ತವೆ. ಮೊದಲನೆಯದಕ್ಕೆ ಜಲಪಾತ, ಎರಡನೆಯದಕ್ಕೆ ಝರಿ ಎಂದು ಬರೆಯುತ್ತ ಬಂದೆ. ಕರಡು ನೋಡಿದ ಸ್ನೇಹಿತರೊಬ್ಬರು ‘ಎತ್ತರದ್ದು ಜಲಪಾತ, ಸಣ್ಣದು ಝರಿ, ಹಾಗೆ ತಿದ್ದಿ’ ಎಂದರು. ಇನ್ನೊಬ್ಬರು ಎರಡೂ ಒಂದೇ, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಯಾರ ಮಾತು ಸರಿ? ಕರಡಿನ ಒಂದು ವಾಕ್ಯ ಹೀಗಿದೆ: ‘ಬೆಟ್ಟದಿಂದ ಹರಿಯುವ ಜಲಪಾತವನ್ನು ದಾಟಿ ಅರ್ಧ ಗಂಟೆ ನಡೆದರೆ 60 ಅಡಿ ಎತ್ತರದ ಝರಿ ಸಿಗುತ್ತದೆ.’ ಇದನ್ನು ಹೇಗೆ ತಿದ್ದಲಿ? ಅಬ್ಬಿ ಎಂದರೇ ಜಲಪಾತ ಎನ್ನುತ್ತಾರೆ. ಹಾಗಾದರೆ ‘ಅಬ್ಬಿ ಜಲಪಾತ’ ಎಂದು ಬರೆಯುವುದು ತಪ್ಪಲ್ಲವೇ?

ಉತ್ತರ: ನಿಮ್ಮ ಸ್ನೇಹಿತರಿಬ್ಬರ ಮಾತನ್ನೂ ಒಪ್ಪಲಾಗದು, ನೀವು ಮಾಡಿಕೊಂಡ ಜೋಡಣೆಯೂ ಸರಿಯಾಗಿಲ್ಲ. ಝರಿಗೂ ಜಲಪಾತಕ್ಕೂ ಇರುವ ವ್ಯತ್ಯಾಸ ಎತ್ತರಕ್ಕೆ ಸಂಬಂಧಿಸಿದ್ದಲ್ಲ. ಜಲಪಾತ ಎಂಬುದು ನೀರು ಬೀಳುವ ತಾಣದ ಹೆಸರು, ಝರಿ ಎಂಬುದು ಇಳಿದು ಬರುವ ನೀರಿನ ಹೆಸರು. ಒಂದೇ ನೀರು ಗುಡ್ಡದ ಮೇಲೆ ಝರಿಯಾಗಿ ಹರಿದು, ಬಂಡೆಯ ಅಂಚಿಗೆ ಬಂದಾಗ ಜಲಪಾತವಾಗಿ ಧುಮುಕಿ, ಕೆಳಗೆ ಮತ್ತೆ ಝರಿಯಾಗಿ ಮುಂದೆ ಸಾಗಬಹುದು. ಆ ನೀರಿಗೆ ಎರಡೂ ಹೆಸರು ಸಲ್ಲುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಈ ಎರಡು ಪದಗಳು ವಾಕ್ಯದಲ್ಲಿ ಎಂಥ ಮಾತುಗಳ ಜೊತೆ ಹೊಂದಿಕೊಳ್ಳುತ್ತವೆ ಎಂಬುದನ್ನು ಗಮನಿಸಿದರೆ ನಿಘಂಟಿಲ್ಲದೆಯೂ ಇದು ತಿಳಿಯುತ್ತದೆ. ‘ಝರಿಯ ಗುಂಟ ನಡೆದೆವು’ ಎನ್ನುತ್ತೇವೆ. ‘ಜಲಪಾತದ ಗುಂಟ ನಡೆದೆವು’ ಎಂದರೆ ಕೇಳಿದವರು ಒಂದು ಕ್ಷಣ ತಡೆಯುತ್ತಾರೆ. ಝರಿಯನ್ನು ದಾಟಬಹುದು, ಜಲಪಾತವನ್ನು ದಾಟುವುದೆಂದರೆ ಹೇಗೆ? ಜಲಪಾತಕ್ಕೆ ನೆತ್ತಿ ಇದೆ, ಬುಡ ಇದೆ, ಎತ್ತರ ಇದೆ. ಝರಿಗೆ ಇರುವುದು ಹುಟ್ಟು, ಹರಿವು, ತಿರುವು. ‘ಝರಿಯ ಎತ್ತರ ಎಷ್ಟು?’ ಎಂದು ಯಾರೂ ಕೇಳುವುದಿಲ್ಲ. ‘ಈ ಝರಿ ಎಲ್ಲಿ ಹುಟ್ಟುತ್ತದೆ?’ ಎಂದು ಕೇಳುತ್ತಾರೆ. ಝರಿ ಹೊಳೆಗೆ ಸೇರುತ್ತದೆ. ಜಲಪಾತ ಎಲ್ಲಿಗೂ ಹೋಗಿ ಸೇರುವುದಿಲ್ಲ, ಇದ್ದಲ್ಲೇ ಇರುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತ: ನೀರನ್ನು ತೆಗೆದುಬಿಟ್ಟು ನೋಡಿ. 1964ರಲ್ಲಿ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಬೇಸಿಗೆಯ ಜೋಗದಲ್ಲಿ ಕಾಣುವುದು ಹೆಚ್ಚಾಗಿ ಬರಿಯ ಬಂಡೆಯ ಗೋಡೆ, ಅದರ ಮೇಲೆ ನೂಲಿನಂಥ ಒಂದೆರಡು ಎಳೆ. ಆದರೂ ‘ಜೋಗ ಜಲಪಾತ ನೋಡಿಬಂದೆವು, ನೀರೇ ಇರಲಿಲ್ಲ’ ಎನ್ನುತ್ತೇವೆ, ಆ ಮಾತಿನಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. ನೀರಿಲ್ಲದಾಗಲೂ ಜಲಪಾತ ಅಲ್ಲಿ ಉಳಿಯುತ್ತದೆ, ಅದು ತಾಣ ತಾನೆ. ಅದೇ ‘ಝರಿ ನೋಡಿಬಂದೆವು, ನೀರೇ ಇರಲಿಲ್ಲ’ ಎನ್ನಿ, ಮಾತು ಮುರಿಯುತ್ತದೆ. ನೀರು ಬತ್ತಿದರೆ ಝರಿಯೇ ಇಲ್ಲ, ಉಳಿಯುವುದು ಕಲ್ಲು ತುಂಬಿದ ಕೊರಕಲು.

ಪದಗಳ ಹುಟ್ಟು ಕೂಡ ಇದನ್ನೇ ಹೇಳುತ್ತದೆ. ‘ಪಾತ’ ಬಂದಿರುವುದು ಬೀಳು ಎಂಬರ್ಥದ ‘ಪತ್’ ಧಾತುವಿನಿಂದ. ಉಲ್ಕಾಪಾತ, ಹಿಮಪಾತ, ಗರ್ಭಪಾತ, ಒಂದೇ ಕಡೆ ವಾಲಿ ಬೀಳುವ ಪಕ್ಷಪಾತ, ಎಲ್ಲದರಲ್ಲೂ ಇರುವುದು ಅದೇ ಬೀಳುವಿಕೆ. ಝರಿಯ ಮೂಲ ಸಂಸ್ಕೃತದ ‘ಝರ’, ‘ನಿರ್ಝರ’. ಅಮರಕೋಶ ಇವನ್ನು ಬೆಟ್ಟದ ಪದಗಳನ್ನು ಕೂಡಿಸಿಟ್ಟ ಶೈಲವರ್ಗದಲ್ಲಿ ಉತ್ಸ, ಪ್ರಸ್ರವಣ, ವಾರಿಪ್ರವಾಹ ಎಂಬವುಗಳ ಸಾಲಿನಲ್ಲೇ ಇಡುತ್ತದೆ, ಅಂದರೆ ಬೆಟ್ಟದಿಂದ ಒಸರುವ, ಹರಿಯುವ ನೀರಿನ ಜೊತೆ. ಸಂಸ್ಕೃತದ ನಿರ್ಝರಕ್ಕೆ ಮೇಲಿನಿಂದ ಬೀಳುವ ನೀರು ಎಂಬ ಅರ್ಥವೂ ಇದೆ. ಹಿಂದಿಯಲ್ಲಂತೂ ‘ಝರ್ನಾ’ ಎಂದರೆ ಜಲಪಾತವೂ ಹೌದು. ಗೊಂದಲದ ಒಂದು ಬೇರು ಇಲ್ಲೇ ಇದೆ. ಕನ್ನಡಕ್ಕೆ ಬಂದು ‘ಝರಿ’ಯಾದ ಪದ ಮಾತ್ರ ಹರಿವಿನ ಕಡೆಗೇ ವಾಲಿದೆ. ಒಳ್ಳೆಯ ಭಾಷಣಕಾರರ ‘ವಾಗ್ಝರಿ’ಯನ್ನೇ ತೆಗೆದುಕೊಳ್ಳಿ. ತಡೆಯಿಲ್ಲದೆ ಹರಿದು ಬರುವ ಮಾತಿಗೆ ಆ ಹೆಸರು. ಅಲ್ಲಿ ಬೀಳುವುದು ಏನೂ ಇಲ್ಲ.

ಹಾಗೆಂದು ಹರಿಯುವುದೆಲ್ಲ ಝರಿಯಲ್ಲ. ಗದ್ದೆ ಬಯಲಿನ ನಡುವೆ ಮೆಲ್ಲಗೆ ಸಾಗುವ ನೀರನ್ನು ಝರಿ ಎಂದರೆ ಹಳ್ಳಿಯವರು ಒಪ್ಪುವುದಿಲ್ಲ. ಝರಿಗೆ ಇಳಿಜಾರು ಬೇಕು, ಕಲ್ಲು ಬೇಕು, ನೀರು ಸಣ್ಣದಿರಬೇಕು, ತಿಳಿಯಾಗಿರಬೇಕು, ಸದ್ದು ಇರಬೇಕು. ಜುಲೈ ತಿಂಗಳಲ್ಲಿ ಅದೇ ನೀರು ಕೆಂಪಾಗಿ ಉಕ್ಕಿ ಕಾಲುಸಂಕವನ್ನು ಎತ್ತಿಕೊಂಡು ಹೋಗುವಾಗ ಅದು ‘ಹಳ್ಳ’. ಬಂಡೆಯ ಸಂದಿಯಿಂದ ಜಿನುಗುವಷ್ಟೇ ಆದರೆ ‘ಒರತೆ’. ಹಲವು ಝರಿ ಕೂಡಿ, ಮಳೆಗಾಲ ಮುಗಿದ ಮೇಲೂ ಬಹಳ ದಿನ ಹರಿಯುವಷ್ಟಾದರೆ ‘ತೊರೆ’ ಎನ್ನಬಹುದು. ನಿಜ ಹೇಳಬೇಕೆಂದರೆ ಮಲೆನಾಡಿನ ಆಡುಮಾತಿನಲ್ಲಿ ಝರಿ ಕೇಳಿಸುವುದೇ ಕಡಿಮೆ, ಅದು ಹೆಚ್ಚು ಬದುಕಿರುವುದು ಬರಹದಲ್ಲಿ. ಮಾತಿನಲ್ಲಿ ಬರುವುದು ಹಳ್ಳ, ತೊರೆ, ಕರಾವಳಿಯ ಕಡೆ ತೋಡು. ಕೈಪಿಡಿಯಲ್ಲಿ ದಾರಿ ಹೇಳುವ ಭಾಗಗಳಲ್ಲಿ ನೀವೂ ‘ಹಳ್ಳ ದಾಟಿ ಬಲಕ್ಕೆ ತಿರುಗಿ’ ಎಂದೇ ಬರೆಯಿರಿ. ಅಲ್ಲಿ ಯಾರನ್ನಾದರೂ ದಾರಿ ಕೇಳಬೇಕಾಗಿ ಬಂದ ಓದುಗರಿಗೆ ಆ ಪದವೇ ಕೆಲಸಕ್ಕೆ ಬರುತ್ತದೆ.

ಈಗ ನಿಮ್ಮನ್ನು ದಾರಿ ತಪ್ಪಿಸಿದ ಪದಕ್ಕೆ ಬರೋಣ. ‘ಕ್ಯಾಸ್ಕೇಡ್’ ಇಟಾಲಿಯನ್ನಿನ ‘ಕಸ್ಕಾತಾ’ದಿಂದ ಬಂದದ್ದು, ಅದರ ಹಿಂದಿರುವ ಕ್ರಿಯಾಪದದ ಅರ್ಥವೂ ‘ಬೀಳು’ ಎಂದೇ. ಅಂದರೆ ಅದೂ ಒಂದು ಜಲಪಾತ, ಒಂದೇ ನೆಗೆತಕ್ಕೆ ಬೀಳದೆ ಬಂಡೆಯನ್ನು ತಬ್ಬಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಗೆ. ಇಂಗ್ಲಿಷ್ ಇದಕ್ಕೆ ಬೇರೆ ಹೆಸರು ಕೊಟ್ಟಿದೆ. ಕನ್ನಡ ಆ ಗೆರೆಯನ್ನು ಎಳೆದಿಲ್ಲ. ಜೋಗವೇ ಇದಕ್ಕೆ ಸಾಕ್ಷಿ. ಅಲ್ಲಿ ಶರಾವತಿ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲಾಗಿ ಇಳಿಯುತ್ತದೆ. ರಾಜ ಬಂಡೆಯನ್ನು ಬಿಟ್ಟು ನೇರ ಕಂಬದ ಹಾಗೆ 253 ಮೀಟರ್ ಕೆಳಕ್ಕೆ ಬೀಳುತ್ತದೆ. ರಾಣಿ ಬಂಡೆಯ ಮೈಮೇಲೆಯೇ ಹರಡಿಕೊಂಡು, ಪ್ರತಿ ಉಬ್ಬಿನಲ್ಲೂ ನೊರೆಯಾಗಿ ಒಡೆಯುತ್ತ, ಬಿಳಿ ಸೀರೆ ಜಾರಿದ ಹಾಗೆ ಇಳಿಯುತ್ತದೆ. ಇಂಗ್ಲಿಷಿನವರು ಒಂದನ್ನು ಹೀಗೆ, ಇನ್ನೊಂದನ್ನು ಹಾಗೆ ವರ್ಗ ಮಾಡಬಹುದು. ನಮಗೆ ನಾಲ್ಕೂ ಸೇರಿ ಒಂದು ಜಲಪಾತ, ರಾಣಿಯನ್ನು ಝರಿ ಎಂದವರು ಯಾರೂ ಇಲ್ಲ.

ಆದ್ದರಿಂದ ‘ಕ್ಯಾಸ್ಕೇಡ್’ ಬಂದಲ್ಲೆಲ್ಲ ಜಲಪಾತ ಎಂದೇ ಬರೆದು, ಇಳಿಯುವ ಬಗೆಯನ್ನು ಕ್ರಿಯಾಪದದಿಂದ ತೋರಿಸಿ. ‘ಮೆಟ್ಟಿಲು ಜಲಪಾತ’ ಎಂಬ ಪ್ರಯೋಗ ಬಳಕೆಯಲ್ಲಿದೆ, ಶೀರ್ಷಿಕೆಗೆ ಅದು ಸಾಕು. ವಿವರಣೆಯಲ್ಲಿ ಮಾತ್ರ ಕ್ರಿಯಾಪದಗಳದ್ದೇ ಕೆಲಸ. ಈ ವಿಷಯದಲ್ಲಿ ಕನ್ನಡ ಬಡಭಾಷೆಯಲ್ಲ. ಬಂಡೆ ಬಿಟ್ಟು ನೆಗೆದರೆ ‘ಧುಮುಕುತ್ತದೆ’. ಅಂಚಿನಿಂದ ದಪ್ಪಗೆ ಬಿದ್ದರೆ ‘ಸುರಿಯುತ್ತದೆ’. ಬಂಡೆಗೆ ಅಂಟಿಕೊಂಡು ಬಂದರೆ ‘ಜಾರುತ್ತದೆ’. ಹಂತ ಹಂತವಾಗಿ ಬಂದರೆ ‘ಇಳಿಯುತ್ತದೆ’. ತೆಳ್ಳಗೆ ಹರಡಿದ್ದರೆ ‘ಪಸರಿಸಿ ಇಳಿಯುತ್ತದೆ’. ಮಳೆ ನಿಂತ ಎಷ್ಟೋ ದಿನಗಳ ಮೇಲೆ ಹಾವಸೆಯ ತುದಿಯಿಂದ ಹನಿಯಾಗಿ ಬೀಳುವುದು ‘ತೊಟ್ಟಿಕ್ಕುತ್ತದೆ’. ಇಂಗ್ಲಿಷ್ ನಾಮಪದದಲ್ಲಿ ಹೇಳಿದ್ದನ್ನು ನಾವು ಕ್ರಿಯಾಪದದಲ್ಲಿ ಹೇಳುತ್ತೇವೆ, ಅಷ್ಟೇ.

ಒಂದು ಎಚ್ಚರ. ‘ಜಲಪಾತ’ದಲ್ಲಿ ಬೀಳುವುದು ಆಗಲೇ ಇರುವುದರಿಂದ ‘ಜೋಗ ಜಲಪಾತ 253 ಮೀಟರ್ ಎತ್ತರದಿಂದ ಬೀಳುತ್ತದೆ’ ಎಂಬ ವಾಕ್ಯ ಪತ್ರಿಕೆಗಳಲ್ಲಿ ಎಷ್ಟೇ ಕಂಡರೂ ಬಿಗಿಯಾಗಿಲ್ಲ. ಬೀಳುವುದು ನದಿ. ‘ಶರಾವತಿ ಇಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ’ ಎಂದು ಬರೆದರೆ ನದಿಯ ಹೆಸರೂ ಬಂತು, ಮಾತೂ ನೇರವಾಯಿತು. ‘ನೀರಿನ ಜಲಪಾತ’ ಎಂದು ಬರೆದಿದ್ದರೆ ಅದನ್ನಂತೂ ಹೊಡೆದುಹಾಕಿ.

ಎತ್ತರದ ಅಂಕಿ ಬರೆಯುವಾಗ ಒಟ್ಟು ಇಳಿತವೋ ಒಂದೇ ನೆಗೆತವೋ ಎಂಬುದನ್ನು ಹೇಳಲೇಬೇಕು. ವಾರಾಹಿಯ ಕುಂಚಿಕಲ್ ಅಬ್ಬಿಗೆ ಸಾಮಾನ್ಯವಾಗಿ ಕೊಡುವ ಎತ್ತರ 455 ಮೀಟರ್. ಅದು ಬಂಡೆಗಳ ಮೇಲೆ ಹಂತ ಹಂತವಾಗಿ ಇಳಿದ ಒಟ್ಟು ಲೆಕ್ಕ. ಜೋಗದ 253 ಮೀಟರ್ ಒಂದೇ ನೆಗೆತ. ಮೇಘಾಲಯದ ನೊಹ್ಕಾಲಿಕಾಯ್ 340 ಮೀಟರ್, ಅದೂ ಒಂದೇ ನೆಗೆತ. ಈ ಮೂರರಲ್ಲಿ ‘ಅತಿ ಎತ್ತರದ್ದು’ ಯಾವುದು ಎಂಬ ಪ್ರಶ್ನೆಗೆ ನೀವು ಯಾವ ಅಳತೆ ಹಿಡಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಯಲ್ಲಾಪುರದ ಬಳಿಯ ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ನೆಗೆತದಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಕೆಮ್ಮಣ್ಣುಗುಂಡಿಯ ಹೆಬ್ಬೆಯಲ್ಲಿ ಎರಡು ಹಂತಗಳಿಗೂ ಜನರೇ ಹೆಸರಿಟ್ಟಿದ್ದಾರೆ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು. ಇಂಥ ಕಡೆ ‘ಎರಡು ಹಂತದ ಜಲಪಾತ’ ಎಂದರೆ ಸಾಕು.

ಸುರಕ್ಷತೆಯ ದೃಷ್ಟಿಯಿಂದಲೂ ಈ ವ್ಯತ್ಯಾಸ ಮುಖ್ಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನೀರು ಬಂಡೆ ಬಿಟ್ಟು ಬೀಳುವ ಕಡೆ ಅದರ ಬಲಕ್ಕೆ ಕಲ್ಲುಗಳು ಗಿರಗಿರನೆ ಸುತ್ತಿ ಬುಡದಲ್ಲಿ ಗುಂಡಿ ಕೊರೆಯುತ್ತವೆ. ನೊರೆ ಮುಚ್ಚಿಕೊಂಡಿರುವುದರಿಂದ ಅದರ ಆಳ ಮೇಲಿನಿಂದ ತಿಳಿಯುವುದಿಲ್ಲ. ನಮ್ಮ ಊರುಗಳವರು ಎಷ್ಟೋ ಕಡೆ ಹೆಸರಿಟ್ಟಿರುವುದೇ ಈ ಗುಂಡಿಗೆ: ಹನುಮನಗುಂಡಿ, ಜೋಗಿಗುಂಡಿ, ಅರಿಶಿನಗುಂಡಿ, ಜೋಗವನ್ನೇ ಕರೆಯುವ ‘ಜೋಗದ ಗುಂಡಿ’. ಓದುಗರು ‘ಝರಿ’ ಎಂದು ಓದಿದಾಗ ಅವರ ಕಣ್ಣ ಮುಂದೆ ಬರುವುದು ಮೊಣಕಾಲುದ್ದದ ತಿಳಿನೀರು. ಆ ನಂಬಿಕೆಯಲ್ಲಿ ಮಕ್ಕಳನ್ನು ನೀರಿಗಿಳಿಸುತ್ತಾರೆ. ಅಲ್ಲಿ ಇರುವುದು ಜಲಪಾತವಾದರೆ ಜಲಪಾತವೆಂದೇ ಬರೆದು, ಕೆಳಗೆ ಗುಂಡಿಯಿದ್ದರೆ ಅದನ್ನೂ ಬರೆಯಿರಿ. ಬಂಡೆಯ ಮೇಲೆ ಜಾರಿ ಇಳಿಯುವ ಬಗೆಯಲ್ಲಿ ಅಪಾಯ ಬೇರೆ ಕಡೆ ಇರುತ್ತದೆ. ನೀರು ತೆಳ್ಳಗೆ ಹರಡಿದ ಜಾಗದಲ್ಲಿ ಹಾವಸೆ ಹಬ್ಬಿ ಕಾಲು ನಿಲ್ಲುವುದಿಲ್ಲ.

ಮೂಲದಲ್ಲಿ ‘ರ್‍ಯಾಪಿಡ್ಸ್’ ಬಂದರೆ ಅದು ಝರಿಯೂ ಅಲ್ಲ, ಜಲಪಾತವೂ ಅಲ್ಲ. ದಾಂಡೇಲಿಯ ಕಾಳಿ ನದಿಯ ಹಾಗೆ, ತುಂಬು ಹೊಳೆ ಬಂಡೆಗಳ ನಡುವೆ ನುಗ್ಗುವ ಜಾಗ ಅದು. ‘ಹೊಳೆ ರಭಸದಿಂದ ನುಗ್ಗುವ ಕಡೆ’ ಎಂದು ಬಿಡಿಸಿ ಬರೆಯುವುದೇ ಒಳ್ಳೆಯದು.

ಇನ್ನು ಅಬ್ಬಿ. ಇದು ಕನ್ನಡದ್ದೇ ಪದ, ತುಂಬ ಹಳೆಯದು. ತಮಿಳಿನ ‘ಅರುವಿ’, ತುಳುವಿನ ‘ಅರ್ಬಿ’, ನಮ್ಮ ‘ಅಬ್ಬಿ’ ಮೂರೂ ಒಂದೇ ಬಳ್ಳಿಯ ಹೂಗಳು. ಹಳಗನ್ನಡದ ‘ರ್ಬ’ ಮುಂದೆ ‘ಬ್ಬ’ ಆಗುವುದು ನಮ್ಮ ಭಾಷೆಯ ನಿಯಮ. ಕರ್ಬು ಕಬ್ಬಾಯಿತು, ಕರ್ಬುನ ಕಬ್ಬಿಣವಾಯಿತು, ಇರ್ಬರು ಇಬ್ಬರಾದರು. ಹಾಗೆಯೇ ಅರ್ಬಿ ಅಬ್ಬಿಯಾಯಿತು. ಬೆಳ್ತಂಗಡಿ ಸೀಮೆಯ ‘ಬಂಡಾಜೆ ಅರ್ಬಿ’ಯಲ್ಲಿ ಹಳೆಯ ರೂಪ ಇವತ್ತಿಗೂ ಉಳಿದಿದೆ. ಘಟ್ಟದ ಮೇಲೆ ಆಗುಂಬೆಗೆ ಬಂದರೆ ‘ಒನಕೆ ಅಬ್ಬಿ’, ‘ಬರ್ಕಣ ಅಬ್ಬಿ’. ಕೊಡಗಿನಲ್ಲೂ ಅಬ್ಬಿಯೇ.

ಝರಿ–ಜಲಪಾತಗಳ ನಡುವಿನ ಗೆರೆಯನ್ನು ಈ ಪದ ಸಲೀಸಾಗಿ ದಾಟುತ್ತದೆ. ತಮಿಳಿನಲ್ಲಿ ಅರುವಿ ಎಂದರೆ ಜಲಪಾತ. ಮಲಯಾಳದಲ್ಲಿ ಅದೇ ಅರುವಿ ಎಂದರೆ ತೊರೆ, ಜಲಪಾತಕ್ಕೆ ಅವರು ‘ವೆಳ್ಳಚ್ಚಾಟ್ಟಂ’ ಎನ್ನುತ್ತಾರೆ, ಅಂದರೆ ನೀರಿನ ನೆಗೆತ. ನಮ್ಮ ಮಲೆನಾಡಿನಲ್ಲಿ ಎರಡೂ ಅರ್ಥ ಒಟ್ಟಿಗೇ ಬದುಕಿವೆ. ಗುಡ್ಡದ ಮೇಲಿನ ಒರತೆಯಿಂದ, ಸೀಳಿ ತಿರುಳು ತೆಗೆದ ಅಡಿಕೆ ಮರದ ದಬ್ಬೆಗಳನ್ನು ಒಂದರ ಬಾಯಿಗೆ ಒಂದು ಕೂರಿಸಿ, ಕರೆಂಟಿನ ಹಂಗಿಲ್ಲದೆ ಇಳಿಜಾರಿನಲ್ಲೇ ಮನೆಯ ಹಿತ್ತಿಲಿಗೆ ತಂದ ನೀರಿಗೆ ‘ಅಬ್ಬಿ ನೀರು’ ಎನ್ನುತ್ತಾರೆ. ಈಗ ದಬ್ಬೆಯ ಬದಲು ಕಪ್ಪು ಪೈಪು ಬಂದಿರಬಹುದು, ಹೆಸರು ಬದಲಾಗಿಲ್ಲ. ಹಿತ್ತಿಲಲ್ಲಿ ಹಗಲೂ ರಾತ್ರಿ ಕೊಡದ ಬಾಯಿಗೆ ಬೀಳುವ ಬೆರಳು ದಪ್ಪದ ನೀರೂ ಅಬ್ಬಿ, ಸೀತಾನದಿ 259 ಮೀಟರ್ ಇಳಿಯುವ ಬರ್ಕಣವೂ ಅಬ್ಬಿ. ‘ಎತ್ತರದ್ದು ಜಲಪಾತ, ಸಣ್ಣದು ಝರಿ’ ಎಂದ ನಿಮ್ಮ ಸ್ನೇಹಿತರಿಗೆ ಈ ಒಂದು ಪದ ತೋರಿಸಿದರೆ ಸಾಕು, ನೀರಿನ ಹೆಸರುಗಳನ್ನು ನಮ್ಮ ಜನ ಮೊಳ ಹಾಕಿ ಇಟ್ಟವರಲ್ಲ ಎಂಬುದು ಅವರಿಗೂ ತಿಳಿಯುತ್ತದೆ.

‘ಜೋಗ’ ಕೂಡ ಬರಿಯ ಊರಿನ ಹೆಸರಲ್ಲ. ಸಿದ್ದಾಪುರ ಸೀಮೆಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಗೆ ‘ಕೆಪ್ಪ ಜೋಗ’ ಎಂಬ ಹೆಸರಿದೆ, ಅದರ ಮೊರೆತ ಕಿವಿ ಕೆಪ್ಪಾಗಿಸುತ್ತದೆ ಎಂಬುದು ಜನ ಕೊಡುವ ವಿವರಣೆ. ಅದೇ ತಾಲ್ಲೂಕಿನಲ್ಲಿ ‘ಬುರುಡೆ ಜೋಗ’ವೂ ಇದೆ. ಅಲ್ಲಿ ಜೋಗ ಎಂದರೆ ಜಲಪಾತವೇ. ಗೋಕಾಕದ ಕಡೆ ‘ಧಬಧಬೆ’ ಎನ್ನುತ್ತಾರೆ, ಘಟಪ್ರಭೆ 52 ಮೀಟರ್ ಕೆಳಕ್ಕೆ ಬೀಳುವ ಸದ್ದೇ ಅಲ್ಲಿ ಹೆಸರಾಗಿದೆ.

ಹಾಗಾದರೆ ‘ಅಬ್ಬಿ ಜಲಪಾತ’ ತಪ್ಪೇ? ಅರ್ಥದ ಲೆಕ್ಕದಲ್ಲಿ ಪುನರುಕ್ತಿ ಹೌದು. ಆದರೂ ಮಡಿಕೇರಿಯ ಅಬ್ಬಿಗೆ ಅದು ಅಂಕಿತನಾಮವಾಗಿ ನೆಲೆನಿಂತಿದೆ, ಫಲಕಗಳಲ್ಲೂ ನಕ್ಷೆಗಳಲ್ಲೂ ಹಾಗೆಯೇ ಇದೆ. ಅಂಕಿತನಾಮವನ್ನು ತಿದ್ದಲು ಹೋಗಬೇಡಿ, ದಾರಿ ಹುಡುಕುವವರಿಗೆ ತೊಂದರೆ. ‘ಒನಕೆ ಅಬ್ಬಿ’, ‘ಬರ್ಕಣ ಅಬ್ಬಿ’, ‘ಕುಂಚಿಕಲ್ ಅಬ್ಬಿ’ಗಳ ವಿಷಯ ಬೇರೆ. ಅಲ್ಲಿ ಹಿಂದೆ ಒಂದು ಗುರುತಿನ ಪದ ಇರುವುದರಿಂದ ಅಬ್ಬಿ ತಾನೇ ‘ಜಲಪಾತ’ದ ಕೆಲಸ ಮಾಡುತ್ತಿದೆ. ಅದರ ಮುಂದೆ ಮತ್ತೆ ಜಲಪಾತ ಹಚ್ಚುವುದು ಬೇಡ. ಮೊದಲ ಸಲ ಬಂದಾಗ ‘ಒನಕೆ ಅಬ್ಬಿ ಎಂಬ ಜಲಪಾತ’ ಎಂದು ಪರಿಚಯಿಸಿ, ಆಮೇಲೆ ‘ಒನಕೆ ಅಬ್ಬಿ’ ಎಂದಷ್ಟೇ ಬರೆಯಿರಿ. ಇಂಗ್ಲಿಷ್ ಮೂಲ ಹಳೆಯದಾಗಿದ್ದರೆ ಉಂಚಳ್ಳಿಯನ್ನು ಲುಶಿಂಗ್ಟನ್ ಎಂದೂ, ಮಡಿಕೇರಿಯ ಅಬ್ಬಿಯನ್ನು ಜೆಸ್ಸಿ ಎಂದೂ, ಜೋಗವನ್ನು ಗೇರುಸೊಪ್ಪೆ ಎಂದೂ ಕರೆದಿರಬಹುದು. ಮೂರನ್ನೂ ನಮ್ಮ ಹೆಸರಿಗೆ ತಿರುಗಿಸಿಕೊಳ್ಳಿ.

ಕರಡು ತಿದ್ದುವಾಗ ಕಾಗುಣಿತವನ್ನೂ ನೋಡಿ. ಝರಿಗೆ ಮಹಾಪ್ರಾಣ ಬೇಕೇ ಬೇಕು. ‘ಜರಿ’ ಎಂದರೆ ಸೀರೆಯ ಅಂಚಿನಲ್ಲಿ ನೇಯುವ ಹೊಳೆಯುವ ಎಳೆ, ನೂರು ಕಾಲಿನ ಹುಳು, ಇಲ್ಲವೇ ಹೀಯಾಳಿಸು. ‘ನೀರ್ಝರಿ’ ಎಂಬುದು ಬಹಳ ಕಡೆ ಕಾಣುವ ತಪ್ಪು. ನೀರಿಗೂ ಅದಕ್ಕೂ ಸಂಬಂಧವಿಲ್ಲ, ಅದು ‘ನಿರ್’ ಎಂಬ ಉಪಸರ್ಗ, ‘ನಿರ್ಝರ’ ಎಂದೇ ಬರೆಯಬೇಕು. ‘ನಿರ್ಝರಿಣಿ’ ಎಂದರೆ ಬೆಟ್ಟದ ಹೊಳೆ, ಜಲಪಾತವಲ್ಲ. ‘ಪ್ರಪಾತ’ದಲ್ಲಿ ನೀರೇ ಇಲ್ಲ. ಅಮರಕೋಶದ ಕಾಲದಿಂದಲೂ ಅದು ಕಡಿದಾದ ಬಂಡೆಯ ಅಂಚಿನ ಹೆಸರು. ಅವಸರದಲ್ಲಿ ಟೈಪ್ ಮಾಡುವಾಗ ಜಲಪಾತದ ಜಾಗದಲ್ಲಿ ಪ್ರಪಾತ ಬಂದು ಕೂತಿದ್ದರೆ ಓದುಗರು ನೀರಿಗಾಗಿ ಹುಡುಕಿ ಸುಸ್ತಾಗುತ್ತಾರೆ.

ಕೊನೆಗೆ ನಿಮ್ಮ ವಾಕ್ಯ. ಅದರಲ್ಲಿ ಎರಡು ಪದಗಳೂ ಅದಲುಬದಲಾಗಿವೆ. ಹರಿಯುವುದೂ ದಾಟುವುದೂ ಝರಿ; ಅಡಿ ಲೆಕ್ಕದಲ್ಲಿ ಅಳೆಯುವುದು ಜಲಪಾತ. ಬರಿಯ ಸ್ಥಾನ ಬದಲಿಸಿದರೆ ವ್ಯಾಕರಣ ಸರಿಹೋಗುತ್ತದೆ. ಮೂಲದಲ್ಲಿ ಆ 60 ಅಡಿಗೆ ‘ಕ್ಯಾಸ್ಕೇಡ್’ ಎಂದಿದೆಯಾದರೆ ಇಳಿಯುವ ಬಗೆಯನ್ನೂ ಸೇರಿಸಿ, ಹೀಗೆ ಬರೆಯಿರಿ: ‘ಬೆಟ್ಟದಿಂದ ಇಳಿದು ಬರುವ ಝರಿಯನ್ನು ದಾಟಿ ಅರ್ಧ ಗಂಟೆ ನಡೆದರೆ, ಅದೇ ನೀರು ಮೆಟ್ಟಿಲು ಮೆಟ್ಟಿಲಾಗಿ 60 ಅಡಿ ಇಳಿಯುವ ಜಲಪಾತ ಎದುರಾಗುತ್ತದೆ.’ ‘ಅದೇ ನೀರು’ ಎಂಬುದನ್ನು ಮೂಲವನ್ನು ಇನ್ನೊಮ್ಮೆ ನೋಡಿ, ಎರಡೂ ಒಂದೇ ಹಳ್ಳದವು ಎಂದು ಖಾತ್ರಿಯಾದರೆ ಮಾತ್ರ ಉಳಿಸಿಕೊಳ್ಳಿ.